ಬಾಗಿಲಿಗೆ ಬೀಗ ಹಾಕದೆ ರಜೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಶಾಲೆಗೆ ರಜೆ ಸಿಕ್ಕಿದೆ, ನೆಂಟರಿಷ್ಟರು ಊಟಿ, ಕಾಶ್ಮೀರ ಎಂದು ಹೊರಟಿದ್ದಾರೆ, ನಮಗೆ ಮಾತ್ರ ಮನೆ ಬಿಟ್ಟು ಕದಲುವ ಹಾಗಿಲ್ಲ. ಕೆಲವರಿಗೆ ಹಣದ ಅಡ್ಡಿ, ಕೆಲವರಿಗೆ ಹಟ್ಟಿಯ ದನ, ಕೆಲವರಿಗೆ ಮಲಗಿದಲ್ಲೇ ಇರುವ ಹಿರಿಯರು. ಕಾಸರಗೋಡಿನ ಇದೇ ಗಡಿಮಣ್ಣಿನಲ್ಲಿ ಹುಟ್ಟಿ, ಇಲ್ಲಿಯ ಕನ್ನಡ ಶಾಲೆಗಳಲ್ಲೇ ಪಾಠ ಹೇಳಿ, ನಿವೃತ್ತಿಯ ಬಳಿಕ ಎಣ್ಮಕಜೆಯ ಗುಡ್ಡದ ಬುಡದಲ್ಲಿ ತೋಟ ನೋಡಿಕೊಂಡಿರುವ ನನಗೆ ಈ ವಿಷಯದಲ್ಲಿ ಹೇಳುವುದು ಬಹಳಷ್ಟಿದೆ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ಹಸು. ಬೆಳಗ್ಗೆ ಐದಕ್ಕೆ ಎದ್ದರೆ ಒಲೆ ಒರೆಸಿ ಮಲಗುವಾಗ ರಾತ್ರಿ ಹತ್ತು. ನಾದಿನಿ ಕಾಶ್ಮೀರದ ಚಿತ್ರಗಳನ್ನು ಮೊಬೈಲಿಗೆ ಕಳುಹಿಸಿದಾಗ ಅಳು ಬಂತು. ನಾವೂ ಎಲ್ಲಿಗಾದರೂ ಹೋಗೋಣ ಎಂದರೆ ಗಂಡ, 'ಹಾಲು ಕರೆಯುವವರು ಯಾರು?' ಎನ್ನುತ್ತಾರೆ. ಮನೆಯಲ್ಲೇ ಇದ್ದು ವಿಶ್ರಾಂತಿ ಪಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಗೆ? — ಗೃಹಿಣಿ, ಬದಿಯಡ್ಕ

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಕಾಶ್ಮೀರದ ಹಿಮದ ಬಗ್ಗೆ ಒಂದು ಸಾಲೂ ಇಲ್ಲ. ಇರುವುದೆಲ್ಲ ಬೆಳಗಿನ ಐದು ಗಂಟೆ ಮತ್ತು ರಾತ್ರಿಯ ಒಲೆ. ಮನೆಯಲ್ಲೇ ವಿಶ್ರಾಂತಿ ಎಂದು ಹೇಳುವವರು ಆ ಮನೆಯ ಅಡುಗೆಕೋಣೆ ಯಾರ ಕೈಯಲ್ಲಿದೆ ಎಂಬುದನ್ನು ಮರೆತಿರುತ್ತಾರೆ. ಅಡುಗೆಕೋಣೆಗೆ ರಜೆ ಸಿಗದೆ ನಿಮಗೆ ರಜೆ ಸಿಗುವುದಿಲ್ಲ. ಮೊದಲು ಇದನ್ನು ಮನೆಯವರ ಮುಂದೆ ಸ್ಪಷ್ಟವಾಗಿ ಹೇಳಿ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ತಿಳಿದವರು. ಫೆಬ್ರವರಿಯಲ್ಲಿ ಬರುವ ಕೆಡ್ಡಸವನ್ನು ನೆನಪಿಸಿಕೊಳ್ಳಿ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂಬ ನಂಬಿಕೆಯಲ್ಲಿ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಗುದ್ದಲಿ ಮುಟ್ಟುವುದಿಲ್ಲ. ಹುರಿದಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ನೇರಿಯನ್ನು ಮನೆಮಂದಿಯೆಲ್ಲ ತಿನ್ನುತ್ತಾರೆ. ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಬಂದು ಕುಳಿತುಕೊಳ್ಳುವುದೂ ಹಾಗೆಯೇ. ಬೇಸಾಯದ ಕೆಲಸ ಮುಗಿದು ಮಳೆ ಹಿಡಿದು ಹೊಡೆಯುವ ಆ ದಿನಗಳಲ್ಲಿ ಆಕೆಗೆ ವಿಶ್ರಾಂತಿ ಸಲ್ಲಬೇಕೆಂದು ಪದ್ಧತಿಯೇ ಕಟ್ಟು ಹಾಕಿತ್ತು. ಆಕೆ ಯಾರನ್ನೂ ಬೇಡಬೇಕಾಗಿರಲಿಲ್ಲ. ನಿಮಗೆ ಬೇಕಾಗಿರುವುದೂ ಅಂಥದ್ದೇ ಒಂದು ಕಟ್ಟು. 'ಬಿಡುವಾದಾಗ ನೋಡೋಣ' ಎಂದರೆ ಬಿಡುವು ಆಗುವುದೇ ಇಲ್ಲ. ತಿಂಗಳಿಗೊಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಸಂಕ್ರಮಣವೋ ಎರಡನೆಯ ಶನಿವಾರವೋ, ನಿಮಗೆ ಒಗ್ಗಿದ್ದು. ಆ ದಿನ ಒಲೆ ಹಚ್ಚುವುದಿಲ್ಲ ಎಂದು ಗಂಡ, ಮಕ್ಕಳು, ಅತ್ತೆ ಎಲ್ಲರಿಗೂ ಮೊದಲೇ ತಿಳಿಸಿ. ಅವಲಕ್ಕಿ, ಮೊಸರು, ಬಾಳೆಹಣ್ಣು, ಹಿಂದಿನ ದಿನ ಕಡೆದಿಟ್ಟ ಮಜ್ಜಿಗೆ ಇದ್ದರೆ ಸಾಕು. ಅತ್ತೆಯವರಿಗೆ ಬಿಸಿ ಅನ್ನವೇ ಆಗಬೇಕೆಂದಿದ್ದರೆ ಆ ಒಂದು ಪಾತ್ರೆ ಅನ್ನವನ್ನು ನಿಮ್ಮ ಯಜಮಾನರು ಇಡಲಿ. ಅಡಿಕೆಗೆ ಬೋರ್ಡೋ ದ್ರಾವಣವನ್ನು ಅಳತೆ ತಪ್ಪದೆ ಬೆರೆಸಬಲ್ಲವರಿಗೆ ಅಕ್ಕಿ–ನೀರಿನ ಅಳತೆ ಕಷ್ಟವಾಗದು.

ಹಾಲಿನ ಪ್ರಶ್ನೆಯೂ ಅವರು ಭಾವಿಸಿದಷ್ಟು ಗಟ್ಟಿಯಲ್ಲ. ಬೆಳಗ್ಗೆ ಹಾಲು ಕರೆದು, ಹುಲ್ಲು ಹಾಕಿ ಹೊರಟರೆ ಸಂಜೆಯ ಕರಾವಿನವರೆಗೆ ಇಡೀ ಹಗಲು ನಿಮ್ಮದೇ. ಅಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೋಗುವುದು? ನಮ್ಮ ಕಡೆಯವರಿಗೆ ನಾನು ಮೊದಲು ಹೇಳುವುದು ಸುರಂಗದ ಬಾಯಿಗೆ ಹೋಗಿ ಎಂದು. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ತೋಡಿದ ಸಾವಿರಾರು ಸುರಂಗಗಳಿವೆ. ನಿಮ್ಮ ತೋಟದಲ್ಲಿ ಇಲ್ಲದಿದ್ದರೆ ನೆರೆಯವರ ತೋಟದಲ್ಲಿರುತ್ತದೆ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಗುಡ್ಡದೊಳಕ್ಕೆ ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ, ಪಿಕಾಸಿಯಲ್ಲಿ ಕಡಿಯುತ್ತಾ ಒಳಕ್ಕೆ ಸಾಗಿದವರು ಅವನ್ನು ತೋಡಿದವರು. ಮೇಣದಬತ್ತಿ ಹಚ್ಚಿಟ್ಟುಕೊಂಡು, ಅದು ಕುಂದಿದರೆ ಒಳಗೆ ಗಾಳಿ ಸಾಲದು ಎಂದು ತಿಳಿದು ಹೊರಬರುತ್ತಿದ್ದರು. ನೀರು ತಾನಾಗಿ ಇಳಿದು ಬರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ.

ಏಪ್ರಿಲಿನ ಮಧ್ಯಾಹ್ನ ಅಂಗಳದಲ್ಲಿ ಕಾಲಿಡಲಾಗದಷ್ಟು ಬಿಸಿಲಿರುವಾಗ ಸುರಂಗದ ಬಾಯಿಯ ಬಳಿ ಚಾಪೆ ಹಾಸಿ ಕುಳಿತು ನೋಡಿ. ಒಳಗಿನಿಂದ ತಣ್ಣನೆಯ, ಒದ್ದೆಮಣ್ಣಿನ ವಾಸನೆಯ ಗಾಳಿ ಮೊಣಕಾಲಿಗೆ ತಾಗುತ್ತದೆ. ಅಡಿಕೆಮರದ ದಂಬೆಯ ತುದಿಯಿಂದ ನೀರು ಕಿರುಬೆರಳಿನಷ್ಟು ದಪ್ಪಕ್ಕೆ ಟಾಂಕಿಗೆ ಬೀಳುತ್ತಿರುತ್ತದೆ. ದಂಬೆಯ ಅಡಿಯಲ್ಲಿ ಪಾಚಿ ಕಟ್ಟಿದ ಜಾಗದಲ್ಲಿ ಪುಟ್ಟ ಕಪ್ಪೆಯೊಂದು ಗಂಟಲು ಮಿಡಿಯುತ್ತಾ ಕುಳಿತಿರುವುದನ್ನು ಮಕ್ಕಳಿಗೆ ತೋರಿಸಿ. ಒಳಗೆ ಮಾತ್ರ ಯಾರೂ ಹೋಗಕೂಡದು: ಹಾವಿರಬಹುದು, ಬಾವಲಿಗಳಿರುತ್ತವೆ, ಹಳೆಯ ಸುರಂಗ ಕುಸಿಯಬಹುದು. ಬಾಯಿಯ ಬಳಿ ಕುಳಿತರೆ ಸಾಕು. ಮಕ್ಕಳು ಟಾಂಕಿಯ ನೀರು ಎರಚಿಕೊಳ್ಳಲಿ, ನೀವು ಕಣ್ಣು ಮುಚ್ಚಿಕೊಳ್ಳಿ.

ಇನ್ನೊಂದು ಮಾತು. ಜೆಂಬರಕ್ಕೆ, ಎಂದರೆ ನೆಂಟರ ಮನೆಯ ಮದುವೆ–ಮುಂಜಿಗೆ, ಹೋಗಿ ಬಂದದ್ದನ್ನು ದಯವಿಟ್ಟು ರಜೆಯ ಲೆಕ್ಕಕ್ಕೆ ಸೇರಿಸಬೇಡಿ. ಸೀರೆ ಉಟ್ಟು, ಬಸ್ಸಿಗೆ ಓಡಿ, ಅಲ್ಲಿ ತರಕಾರಿ ಹೆಚ್ಚಲು ಕುಳಿತು, ತಿರುಗಿ ಹಾಲು ಕರೆಯುವ ಹೊತ್ತಿಗೆ ಏದುಸಿರು ಬಿಡುತ್ತಾ ಮನೆ ಸೇರುವುದು ಸಂಬಂಧಕ್ಕಾಗಿ ಮಾಡುವ ಕೆಲಸ. ಅದೂ ಬೇಕು. ನಾನು ಗುರುತು ಹಾಕಲು ಹೇಳಿದ ದಿನ ಬೇರೆ, ಜೆಂಬರದ ದಿನ ಬೇರೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಗೆಳೆಯರೆಲ್ಲ ಬೈಕಿನಲ್ಲಿ ಕೊಡಗು, ಚಿಕ್ಕಮಗಳೂರು ಎಂದು ಹೋಗುತ್ತಾರೆ. ನನ್ನ ಬಳಿ ಬೈಕೂ ಇಲ್ಲ, ಹಣವೂ ಇಲ್ಲ. ನಮ್ಮೂರಿನಲ್ಲಿ ನೋಡುವಂಥದ್ದೂ ಇಲ್ಲ. ಅನಂತಪುರದ ಕೆರೆ, ಆರಿಕ್ಕಾಡಿ ಕೋಟೆಗಳನ್ನು ಚಿಕ್ಕಂದಿನಿಂದ ನೋಡಿ ಬೇಸರ ಬಂದಿದೆ. — ಕುಂಬಳೆ

ಅನಂತಪುರಕ್ಕೆ ನೀವು ಹೋದದ್ದು ಯಾವಾಗ? ಹೆಚ್ಚಾಗಿ ಮೇ ತಿಂಗಳಲ್ಲಿ, ನೆಂಟರು ಬಂದಾಗ, ಅವರ ಜೊತೆಗೆ. ದೂರದಿಂದ ಬರುವವರಿಗೆ ಬೇರೆ ದಾರಿಯಿಲ್ಲ. ರಜೆ ಸಿಕ್ಕಾಗ ಬರಬೇಕು, ಇದ್ದಷ್ಟು ನೋಡಿ ಹೋಗಬೇಕು. ಪಕ್ಕದಲ್ಲಿರುವವನಿಗೆ ಮಾತ್ರ ಕಾಲ ನೋಡಿ, ಹೊತ್ತು ನೋಡಿ ಹೋಗುವ ಭಾಗ್ಯ. ಆ ಭಾಗ್ಯವನ್ನು ನೀವು ಇನ್ನೂ ಬಳಸಿಕೊಂಡಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ, ಮಳೆ ಬಿಟ್ಟು ಬಿಸಿಲು ಮೂಡಿದ ಕೂಡಲೇ, ನಿಮ್ಮ ಮನೆಗೆ ಹತ್ತಿರದ ಯಾವುದಾದರೂ ಪದವು, ಎಂದರೆ ಮುರಕಲ್ಲಿನ ಎತ್ತರದ ಬಯಲು, ಹತ್ತಿ. ಮೇ ತಿಂಗಳಲ್ಲಿ ಕಾದ ಕಾವಲಿಯಂತಿದ್ದ ಅದೇ ಮುರಕಲ್ಲಿನ ಬಯಲು ಹೂವಿನ ಹಾಸಾಗಿರುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಪದವಿನ ಕಲ್ಲು ಆ ನೀರನ್ನು ಬೇಗ ಹೀರುವುದಿಲ್ಲ. ಕಲ್ಲಿನ ಮೇಲಿನ ತೆಳುವಾದ ಮಣ್ಣಿನಲ್ಲಿ ಸಾರವೂ ಇಲ್ಲ. ಸಾರವಿಲ್ಲದ ಮಣ್ಣಿನಲ್ಲಿ ಬದುಕಲು ಕೆಲವು ಗಿಡಗಳು ಹುಳುಗಳನ್ನು ಹಿಡಿದು ತಿನ್ನಲು ಕಲಿತಿವೆ. ನೀಲಿ–ನೇರಳೆ ಬಣ್ಣದಲ್ಲಿ ಬಯಲಿಗೆ ಬಯಲನ್ನೇ ತುಂಬುವ ಯುಟ್ರಿಕುಲೇರಿಯಾ ಅಂಥದ್ದು. ನಮ್ಮ ಮಲಯಾಳಂ ನೆರೆಯವರು ಕಾಕ್ಕಪ್ಪೂವು ಎಂದು ಕಿತ್ತು ತಂದು ಓಣಂ ಪೂಕಳಕ್ಕೆ ಹಾಕುವ ಹೂವು ಅದೇ. ನೋಡಲು ಅಷ್ಟು ಸೌಮ್ಯ, ಬುಡದ ಬಳಿ ಒದ್ದೆ ಮಣ್ಣಿನಲ್ಲಿ ಮಾತ್ರ ಸಣ್ಣ ಸಣ್ಣ ಚೀಲಗಳನ್ನಿಟ್ಟುಕೊಂಡು ಸೂಕ್ಷ್ಮಜೀವಿಗಳನ್ನು ಒಳಗೆಳೆದುಕೊಳ್ಳುತ್ತಿರುತ್ತದೆ.

ಅದರ ನಡುವೆಯೇ ಮೊಣಕಾಲೂರಿ ಹುಡುಕಿದರೆ ಡ್ರೊಸೆರಾ ಸಿಗುತ್ತದೆ. ಕೆಂಪು ಬಣ್ಣದ ಎಳೆ ಗಿಡ. ಎಲೆಯ ತುಂಬ ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಹೊಳೆಯುವ ಒಂದು ಹನಿ. ಬಿಸಿಲು ಏರಿ ಹುಲ್ಲಿನ ಇಬ್ಬನಿ ಆರಿದ ಮೇಲೂ ಈ ಹನಿ ಆರುವುದಿಲ್ಲ, ಏಕೆಂದರೆ ಇದು ಅಂಟು. ಅದರಲ್ಲಿ ಕಾಲು ಸಿಕ್ಕಿಸಿಕೊಂಡ ನುಸಿಯೊಂದು ಒದ್ದಾಡುತ್ತಿರುತ್ತದೆ. ಸಹನೆಯಿದ್ದರೆ ಎಲೆಯ ಕೂದಲುಗಳು ಅದರತ್ತ ಬಾಗುವುದನ್ನೂ ನೋಡಬಹುದು. ಇದಕ್ಕೆ ಬೇಕಾದ ಖರ್ಚು ಒಂದು ಕೈಮಸೂರ. ಮಳೆ ನಿಂತು ನವೆಂಬರ್ ಬಂದರೆ ಮುಗಿಯಿತು, ಪದವು ಒಣಗಿ ಕಂದಾಗುತ್ತದೆ.

2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡದ್ದು ನಿಮಗೆ ಗೊತ್ತಿರಬಹುದು. ಆ ಹೂವು ಪೆರಿಯದ ಕಡೆಯ ಮಳೆಗಾಲದ ತೋಡುಗಳಲ್ಲಿ ಅರಳುವ ಬಿಳಿಯ ಕ್ರೈನಮ್ ಮಲಬಾರಿಕಮ್. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2012ರಲ್ಲಿ. ಅಲ್ಲಿಯವರೆಗೂ ಅದು ಇಲ್ಲೇ ಅರಳುತ್ತಿತ್ತು, ಇಲ್ಲಿಯವರು ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು. ನೋಡುವಂಥದ್ದು ಇಲ್ಲ ಎನ್ನುವ ಮುನ್ನ ಇದನ್ನು ಯೋಚಿಸಿ. ಅನಂತಪುರಕ್ಕೂ ಈ ಸಲ ಜುಲೈಯಲ್ಲಿ ಒಬ್ಬರೇ ಹೋಗಿ, ಮಳೆ ಬೀಳುವಾಗಲೇ ಹೋಗಿ. ಅಲ್ಲಿಯ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಕಣ್ಣೀರಿಟ್ಟವರಲ್ಲಿ ನಾನೂ ಒಬ್ಬಳು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕೆರೆಯ ಸುತ್ತಿನ ಕಲ್ಲಿನ ಮೇಲೆ ಕುಳಿತು ಅದಕ್ಕಾಗಿ ಕಾಯುವುದೇ ಒಂದು ಸಂಜೆಗೆ ಸಾಕಾದ ಕೆಲಸ.

ಪ್ರಶ್ನೆ: ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಭಾನುವಾರವಿಡೀ ಮಲಗಿ ಮೊಬೈಲ್ ನೋಡುತ್ತೇನೆ, ಆದರೂ ಸೋಮವಾರ ಇನ್ನಷ್ಟು ದಣಿದಿರುತ್ತೇನೆ. — ಉಪ್ಪಳ

ಅಡಿಕೆ ಗೋಣಿ ಹೊತ್ತು ದಣಿದವನಿಗೆ ಮಲಗುವುದು ವಿಶ್ರಾಂತಿ. ಕುಳಿತು ದಣಿದವನಿಗೆ ಅದರಿಂದ ಪ್ರಯೋಜನವಿಲ್ಲ. ನಿಮ್ಮ ಕಣ್ಣು, ಕತ್ತು, ಬೆರಳು ವಾರವಿಡೀ ಏನು ಮಾಡಿದವೋ ಭಾನುವಾರವೂ ಅದನ್ನೇ ಮಾಡುತ್ತಿವೆ. ಪರದೆ ಚಿಕ್ಕದಾಯಿತು, ಅಷ್ಟೇ. ಶನಿವಾರ ರಾತ್ರಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಆ ಕೋಣೆಯ ಬಾಗಿಲು ಹಾಕಿಬಿಡಿ. ಬೆಳಗ್ಗೆ ಹತ್ತಿರದ ಕೆರೆಯಲ್ಲಿ ಈಜಿ. ಈಜು ಬಾರದಿದ್ದರೆ ಬಲ್ಲವರೊಬ್ಬರ ಜೊತೆಯಲ್ಲಿ ಕಲಿಯಿರಿ. ಕೆರೆಯಲ್ಲಿರುವಷ್ಟು ಹೊತ್ತು ಮೊಬೈಲ್ ಕೈಯಲ್ಲಿ ಹಿಡಿಯಲಾಗುವುದಿಲ್ಲ ಎಂಬುದೇ ಅರ್ಧ ಔಷಧಿ. ಸಂಜೆ ಮೊಗ್ರಾಲಿಗೆ ಹೋಗಿ. ಫುಟ್ಬಾಲಿಗೆ ಹೆಸರಾದ, ಮಾಪ್ಪಿಳ ಹಾಡುಗಳಿಂದ ಇಶಲ್ ಗ್ರಾಮ ಎನಿಸಿಕೊಂಡ ಊರು ನಿಮ್ಮ ಪಕ್ಕದಲ್ಲೇ ಇದೆ. ಆಡುವ ಹುಡುಗರು ಹೊಸಬರನ್ನು ಬೇಡವೆನ್ನುವುದಿಲ್ಲ. ಆಡಲಾಗದಿದ್ದರೆ ಗೆರೆಯ ಹೊರಗೆ ನಿಂತು ಕೂಗಿ. ಅದೂ ಮೈಗೆ ಒಳ್ಳೆಯದು.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ನಡೆಯಲಾರ, ಮಾತಾಡಲಾರ. ಅವನನ್ನು ಬಿಟ್ಟು ನಾನು ಎಲ್ಲಿಗೂ ಹೋಗಲಾರೆ, ಹೋಗಬೇಕೆಂದು ಅನಿಸಿದರೂ ಪಾಪ ಮಾಡಿದಂತಾಗುತ್ತದೆ. — ತಾಯಿ, ಎಣ್ಮಕಜೆ

ನಮ್ಮ ಭಾಗದಲ್ಲಿ ಇಂಥ ಮನೆಗಳು ಹಲವು. ನಿಮ್ಮಂಥ ತಾಯಂದಿರನ್ನು ನಾನು ಹತ್ತಿರದಿಂದ ಬಲ್ಲೆ. ಹೋಗಬೇಕೆಂದು ಅನಿಸುವುದು ಪಾಪವಲ್ಲ, ತಂಗಿ. ಹಗಲು–ರಾತ್ರಿ ಒಬ್ಬಳೇ ಎತ್ತಿ ಇಳಿಸಿ ನಿಮ್ಮ ಬೆನ್ನು ಬಿದ್ದುಹೋದರೆ ಅವನನ್ನು ನೋಡುವವರು ಯಾರು?

ನಿಮ್ಮ ಊರಿನಲ್ಲಿ ಮಾಡಬಹುದಾದ್ದನ್ನು ಹೇಳುತ್ತೇನೆ. ಪಂಚಾಯತುಗಳು ಮಹಿಳೆಯರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಬೆಂಬಲದಿಂದ, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆಗಳ ಬಗ್ಗೆ ಕೇಳಿರಬಹುದು. 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಮಗನನ್ನು ಅಲ್ಲಿಗೆ ಕಳುಹಿಸಲು ಸಾಧ್ಯವೇ ಎಂದು ಪಂಚಾಯತಿನಲ್ಲಿ ವಿಚಾರಿಸಿ. ಸಾಧ್ಯವಿಲ್ಲದಿದ್ದರೆ ಮನೆಗೆ ಬಂದು ನೋಡುವ ಪಾಲಿಯೇಟಿವ್ ತಂಡ ಇದೆ. ಅದರ ನರ್ಸಿನ ಬಳಿ ಅವನ ವಿಷಯವನ್ನಷ್ಟೇ ಅಲ್ಲ, ನಿಮ್ಮ ನಿದ್ದೆಯ ವಿಷಯವನ್ನೂ ಹೇಳಿ. ನಿಮ್ಮ ಕುಟುಂಬಶ್ರೀ ಗುಂಪಿನ ಇಬ್ಬರು ವಾರಕ್ಕೊಂದು ಮಧ್ಯಾಹ್ನ ಅವನ ಬಳಿ ಕುಳಿತರೆ ಆ ಹೊತ್ತು ನಿಮಗೆ ಸಲ್ಲುತ್ತದೆ. ಕೇಳಲು ಸಂಕೋಚಪಡಬೇಡಿ, ಸಾಲ ಕೇಳುವುದಕ್ಕಿಂತ ಇದು ಹಗುರ. ಸಿಕ್ಕ ಹೊತ್ತಿನಲ್ಲಿ ಬಟ್ಟೆ ಒಗೆಯಬೇಡಿ. ಮಲಗಿ, ಅಥವಾ ಗೆಳತಿಯ ಮನೆಯ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿ ಮಾತಾಡಿ. ಸಂಪಾದಕರ ಮೂಲಕ ನನಗೆ ಇನ್ನೊಮ್ಮೆ ಬರೆಯಿರಿ, ಹೇಗಾಯಿತೆಂದು ನನಗೆ ತಿಳಿಯಬೇಕು.

ಪ್ರಶ್ನೆ: ಧಾರವಾಡದಿಂದ ಮದುವೆಯಾಗಿ ಬಂದಿದ್ದೇನೆ. ಮಲಯಾಳಂ ಬಾರದು. ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯೇ ಸೆರೆಮನೆ. — ಕಾಞಂಗಾಡು

ಭಾಷೆ ಬಂದ ಮೇಲೆ ಹೊರಗೆ ಹೋಗೋಣ ಎಂದು ಕಾಯಬೇಡಿ, ಹೊರಗೆ ಹೋದರೆ ಭಾಷೆ ಬರುತ್ತದೆ. ತುಳು, ಕನ್ನಡ, ಮಲಯಾಳಂ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳು ನುಡಿಗಳನ್ನು ಕೇಳುತ್ತಾ ಬೆಳೆದ ಜಿಲ್ಲೆ ಇದು. ತಪ್ಪು ಮಾತಾಡಿದವರನ್ನು ನೋಡಿ ಇಲ್ಲಿ ಯಾರೂ ನಗುವುದಿಲ್ಲ. ನಿಮ್ಮ ಬೀದಿಯ ವಾಚನಾಲಯಕ್ಕೆ ಸದಸ್ಯೆಯಾಗಿ. ಕೇರಳದ ಹಳ್ಳಿಹಳ್ಳಿಯ ಗ್ರಂಥಾಲಯಗಳು ನನಗೆ ಬಹಳ ಪ್ರಿಯವಾದವು. ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ರಂದು ವಾಚನ ದಿನ ಆಚರಿಸುವ ನಾಡು ಇದು. ಕನ್ನಡ ಪುಸ್ತಕ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ತರಿಸಿಕೊಡಿ ಎಂದೂ ಕೇಳಿ.

ಮೌನ ಬೇಕೆನಿಸಿದ ದಿನ ನಿಮ್ಮ ಊರಿನಲ್ಲೇ ಆನಂದಾಶ್ರಮವಿದೆ, 1931ರಲ್ಲಿ ಸ್ವಾಮಿ ರಾಮದಾಸರು ಸ್ಥಾಪಿಸಿದ್ದು. ಅಲ್ಲಿಯ ರಾಮನಾಮಕ್ಕೆ ಅನುವಾದ ಬೇಡ. ತುಲಾಮಾಸದ ಹತ್ತನೆಯ ದಿನ, ಎಂದರೆ ಅಕ್ಟೋಬರ್ ಕೊನೆಗೆ, ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ಕಾಲ ತೊಡಗುತ್ತದೆ. ನೆರೆಯ ಹೆಂಗಸರ ಜೊತೆ ಒಂದು ರಾತ್ರಿ ಹೋಗಿ. ತೋಟ್ಟಂ ಹಾಡು ಅರ್ಥವಾಗದಿರಲಿ, ಮುಖಕ್ಕೆ ಬಣ್ಣ ಬರೆಯುವ ಕಡ್ಡಿಯ ತುದಿಯನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಪ್ರಶ್ನೆ: ಮಂಡಿನೋವು. ಗೇಟಿನವರೆಗೆ ನಡೆದರೆ ಹೆಚ್ಚು. ಯಕ್ಷಗಾನದ ಹುಚ್ಚು ಮಾತ್ರ ಇಳಿದಿಲ್ಲ. ನನ್ನಂಥವರಿಗೆ ಏನಿದೆ? — ನಿವೃತ್ತ ಅಂಚೆ ನೌಕರ, ಮಂಜೇಶ್ವರ

ನಿಮಗೆ ತಾಳಮದ್ದಳೆ ಇದೆ. ಮೇ ಕೊನೆಗೆ ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೂ ಕಲಾವಿದರಿಗೆ ಬಿಡುವು. ಅದೇ ಹೊತ್ತಿಗೆ ಮಳೆ, ನಿಮ್ಮ ಚಾವಡಿಯಲ್ಲಿ ಜಾಗ. ವೇಷ ಬೇಡ, ರಂಗಸ್ಥಳ ಬೇಡ. ಒಬ್ಬರು ಭಾಗವತರು, ಚೆಂಡೆ, ಮದ್ದಳೆ, ಅರ್ಥ ಹೇಳಲು ನಾಲ್ಕು ಜನ ಇದ್ದರೆ ಆಯಿತು. ನೀವು ಆಟಕ್ಕೆ ಹೋಗಲಾರಿರಿ. ಆಟ ನಿಮ್ಮಲ್ಲಿಗೆ ಬರಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನಲ್ಲಿ ಇದ್ದುಕೊಂಡು ಇಷ್ಟಾದರೂ ಆಗದಿದ್ದರೆ ಹೇಗೆ? ಅರ್ಥಧಾರಿಗಳಲ್ಲಿ ಇಬ್ಬರಾದರೂ ಶಾಲೆ–ಕಾಲೇಜಿನ ಮಕ್ಕಳಿರಲಿ ಎಂಬುದು ನನ್ನ ಕೋರಿಕೆ. ಹಿರಿಯರ ಎದುರು ಕುಳಿತು ಮಾತಿಗೆ ಮಾತು ಕೊಡಲು ಕಲಿತ ಮಗು ಕನ್ನಡವನ್ನು ಬಿಡುವುದಿಲ್ಲ.

ಮಳೆ ಹೊಳವಾದ ದಿನ ಆಟೋ ಹಿಡಿದು ಗಿಳಿವಿಂಡಿಗೆ ಹೋಗಿ ಬನ್ನಿ. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮನೆ ನಿಮ್ಮ ಊರಿನಲ್ಲೇ ಇರುವಾಗ ಅಂಗಳದಲ್ಲಿ ಒಂದು ಗಳಿಗೆ ಕುಳಿತು ಬಂದರೂ ಮನಸ್ಸು ತುಂಬುತ್ತದೆ. ಮನೆಯ ಸುತ್ತ ಕಾಸರಕದ ಮರವಿದ್ದರೆ ಕಡಿಸಬೇಡಿ. ನಮ್ಮ ಜಿಲ್ಲೆಯ ಮರ ಅದು. ಬೀಜ ವಿಷ, ಆದರೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಹಣ್ಣನ್ನು ಹುಡುಕಿಕೊಂಡು ಮಂಗಟ್ಟೆ ಹಕ್ಕಿಗಳು ಬರುತ್ತವೆ. ಆರಾಮಕುರ್ಚಿಯನ್ನು ಆ ದಿಕ್ಕಿಗೆ ತಿರುಗಿಸಿಡಿ.

ಪ್ರಶ್ನೆ: ಬೇಕಲ ಕೋಟೆ ನಮಗೆ ಹತ್ತಿರ. ಆದರೆ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. — ಕಾಸರಗೋಡು

ಭಾನುವಾರವನ್ನು ದೂರದವರಿಗೆ ಬಿಟ್ಟುಕೊಡಿ. ವಾರದ ನಡುವೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಕೋಟೆಯಲ್ಲಿ ನೀವೂ ಕಡಲೂ ಮಾತ್ರ. ಬುರುಜಿನ ಮೇಲೆ ನಿಂತರೆ ಬಿಳಿ ಹೊಟ್ಟೆಯ ಕಡಲ ಹದ್ದು ನಿಮ್ಮ ಕಣ್ಣಿನ ಮಟ್ಟದಲ್ಲಿ ಹಾರುವುದನ್ನು ಕಾಣುವ ಅದೃಷ್ಟವೂ ಇದ್ದೀತು. ನನ್ನ ಇಷ್ಟದ ಕಾಲ ಮಳೆಗಾಲ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಯಾಂತ್ರಿಕ ಟ್ರಾಲಿಂಗ್‌ಗೆ ನಿಷೇಧವಿರುತ್ತದೆ. ದೊಡ್ಡ ದೋಣಿಗಳೇ ದಡ ಸೇರಿರುವ ಆ ದಿನಗಳಲ್ಲಿ ಮಕ್ಕಳನ್ನು ನೀರಿಗಿಳಿಸುವ ಯೋಚನೆಯನ್ನೂ ಮಾಡಬೇಡಿ. ಕೋಟೆಯ ಮೇಲಿನಿಂದಲೇ ನೋಡಿ. ಮುರಕಲ್ಲಿನ ಮೆಟ್ಟಿಲು ಪಾಚಿಯಿಂದ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ರೈನ್‌ಕೋಟ್ ಒಯ್ಯಿರಿ.